ಬಾಲ್ ಬಿದ್ದ ಕಣ್ಣಿಗೆ ಬೆಳಗ್ಗೆ ಹೊತ್ತು ಮಾತ್ರ ಯಾಕೆ ಮಂಜು?

ಪ್ರಶ್ನೆ: ಡಾಕ್ಟ್ರೇ ನಮಸ್ತೆ. ನನ್ನ ಮಗ ಏಳನೇ ಕ್ಲಾಸು. ಭಾನುವಾರ ಕಾಫಿ ಕಣದಲ್ಲಿ ಕ್ರಿಕೆಟ್ ಆಡೋವಾಗ ಹಾರ್ಡ್ ಟೆನಿಸ್ ಬಾಲ್ ಸೀದಾ ಬಲಗಣ್ಣಿಗೆ ಬಡೀತು. ಕಣ್ಣು ಮುಚ್ಚೋಷ್ಟು ಊದಿ ಸುತ್ತ ನೀಲಿಗಟ್ಟಿತ್ತು. ಐಸ್ ಇಟ್ವಿ, ಮೆಡಿಕಲ್ ಶಾಪ್‌ನೋರು ನೋವಿನ ಮಾತ್ರೆ ಕೊಟ್ರು, ಎರಡು ದಿನಕ್ಕೆ ಊತ ಇಳೀತು. ಈಗ ಬೆಳಗ್ಗೆ ಎದ್ದ ತಕ್ಷಣ ಆ ಕಣ್ಣಲ್ಲಿ ಎಲ್ಲಾ ಮಂಜುಮಂಜು ಅಂತಾನೆ, ತಿಂಡಿ ತಿಂದು ಬ್ಯಾಗ್ ಹಾಕ್ಕೊಳ್ಳೋ ಹೊತ್ತಿಗೆ ಕಾಣ್ತಿದೆ ಅಂತಾನೆ. ಸ್ಕೂಲ್ ತಪ್ಪಿಸೋ ನಾಟಕ ಅಂತಾರೆ ಇವರಪ್ಪ. ಹೌದಾ?
- ಓದುಗರು, ಸಕಲೇಶಪುರ ತಾಲೂಕು

ಉತ್ತರ: ನಾಟಕ ಅಲ್ಲಮ್ಮ. ನಿಮ್ಮ ಪತ್ರ ಓದಿದ ಕೂಡಲೇ ಫೋನ್ ಮಾಡಿ ಇವತ್ತೇ ಹಾಸನಕ್ಕೆ ಕರ್ಕೊಂಡು ಹೋಗಿ, ಅಲ್ಲಿನ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನಲ್ಲಿ ಕಣ್ಣಿನ ವಿಭಾಗ ಇದೆ ಅಂತ ಹೇಳಿದ್ದಾಯ್ತು, ಪತ್ರಿಕೆ ಅಚ್ಚಾಗೋವರೆಗೂ ಕಾಯೋ ವಿಷಯ ಅಲ್ಲ ಇದು. ಇಲ್ಲಿ ಬರೀತಿರೋದು ಉಳಿದೋರಿಗೋಸ್ಕರ.

ಕಾರ್ನಿಯಾ ಅನ್ನೋ ಪಾರದರ್ಶಕ ಪದರದ ಹಿಂದೆ ಸ್ವಲ್ಪ ಜಾಗ ಇದೆ, ಅದರ ತುಂಬಾ ನೀರು. ಏಟು ಬಿದ್ದಾಗ ಒಳಗಿನ ಸಣ್ಣ ರಕ್ತನಾಳ ಹರಿದು ಆ ನೀರಿಗೆ ರಕ್ತ ಸೇರ್ಕೊಳ್ಳುತ್ತೆ, ಹೈಫೀಮಾ ಅಂತೀವಿ. ರಾತ್ರಿ ಮಲಗಿದ್ದಾಗ ರಕ್ತ ಅಲ್ಲೆಲ್ಲಾ ಹರಡಿ ಪಾಪೆಗೆ ಅಡ್ಡ ಬರುತ್ತೆ, ಎದ್ದು ಓಡಾಡೋಕೆ ಶುರು ಮಾಡಿದ್ ಮೇಲೆ ಲೋಟದ ತಳದಲ್ಲಿ ಕಾಫಿ ಗಸಿ ಕೂತ ಹಾಗೆ ಕೆಳಗಿಳಿದು ಕೂರುತ್ತೆ, ಆಗ ಕಾಣ್ಸುತ್ತೆ. ಹುಡುಗ ಹೇಳ್ತಿರೋ ಲಕ್ಷಣ ಇದಕ್ಕೆ ಸರಿಯಾಗಿ ಹೊಂದುತ್ತೆ. ನಮ್ಮೋರ ಕಣ್ಣು ಕಡುಕಂದು ನೋಡಿ, ತೆಳ್ಳಗೆ ಕೂತ ರಕ್ತ ಸುಮ್ನೆ ನೋಡಿದ್ರೆ ಗೊತ್ತೇ ಆಗಲ್ಲ, ಪಕ್ಕದಿಂದ ಟಾರ್ಚ್ ಬಿಟ್ಟು ಕಪ್ಪುಗುಡ್ಡೆಯ ಕೆಳ ಅಂಚಲ್ಲಿ ಹುಡುಕಿದ್ರೆ ಕೆಂಪು ಗೆರೆ ಸಿಗಬಹುದು, ಸಿಗದೇನೂ ಇರಬಹುದು, ಕಣ್ಣಿನ ಡಾಕ್ಟರ ಹತ್ರ ಇರೋ ಸ್ಲಿಟ್ ಲ್ಯಾಂಪ್ ಅನ್ನೋ ಸೂಕ್ಷ್ಮದರ್ಶಕದಲ್ಲೇ ನೋಡ್ಬೇಕು.

ಭಯ ಎರಡು. ಒಂದು, ರಕ್ತ ಕಟ್ಕೊಂಡು ಕಣ್ಣಿನ ಒತ್ತಡ ಏರೋದು. ಇನ್ನೊಂದು, ಏಟು ಬಿದ್ದ 2ರಿಂದ 5ನೇ ದಿನದೊಳಗೆ ಮತ್ತೆ ರಕ್ತ ಒಸರೋದು, ಈ ಎರಡನೇ ಸಲದ್ದು ಮೊದಲಿನದಕ್ಕಿಂತ ಜೋರಾಗಿರೋದೇ ಹೆಚ್ಚು. ಅಂದ್ರೆ ಮನೆಯವರೆಲ್ಲಾ ವಾಸಿ ಆಯ್ತು ಅಂದ್ಕೊಂಡು ಮತ್ತೆ ಬ್ಯಾಟ್ ಕೊಡೋ ದಿನಗಳೇ ಇವು. ಆಸ್ಪಿರಿನ್, ಬ್ರೂಫೆನ್ ಥರದ ಮಾತ್ರೆ ರಕ್ತ ಒಸರೋದನ್ನ ಹೆಚ್ಚು ಮಾಡಬಹುದು, ಹಾಗಾಗಿ ಮೆಡಿಕಲ್ ಶಾಪ್‌ನ ಆ ಮಾತ್ರೆ ಯಾವುದು ಅಂತ ಚೀಟಿ ಸಮೇತ ಡಾಕ್ಟರಿಗೆ ತೋರಿಸಿ, ನೋವಿಗೆ ಪ್ಯಾರಾಸಿಟಮಾಲ್ ಸಾಕು. ತಲೆ ಎತ್ತರಕ್ಕಿಟ್ಟು ಮಲಗಿಸಿ, ಓಟ ಆಟ ಬಂದ್.

ಊತ, ನೀಲಿ ನೋಡಿ ಜನ ಹೆದರ್ತಾರೆ, ಅದು ಇಳಿದ್ರೆ ಧೈರ್ಯ ತಗೋತಾರೆ, ನನಗೆ ಸಿಟ್ಟು ಬರೋದು ಇದಕ್ಕೇ. ರೆಪ್ಪೆ ಚರ್ಮ ತೆಳ್ಳಗಿದೆ, ಸಣ್ಣ ಏಟಿಗೂ ಊದುತ್ತೆ, ಅದು ಒಳಗಿನ ಕಥೆ ಹೇಳಲ್ಲ. ನೋಡ್ಬೇಕಾದ್ದು ಬೇರೆ. ಒಂದು ಕಣ್ಣು ಮುಚ್ಚಿಸಿ ಗೋಡೆ ಕ್ಯಾಲೆಂಡರ್ ಓದ್ಸಿ, ಆಮೇಲೆ ಇನ್ನೊಂದು. ಎರಡೂ ಪಾಪೆ ಒಂದೇ ಅಳತೆ ಇದ್ಯಾ, ದುಂಡಗಿದ್ಯಾ ನೋಡಿ. ಏಟು ಬಿದ್ದ ಕಡೆ ಪಾಪೆ ಒಂದು ಮೂಲೆಗೆ ಚೂಪಾಗಿ ಎಳೆದಂತಿದ್ರೆ ಗುಡ್ಡೆನೇ ಒಡೆದಿರಬಹುದು, ಆಗ ಮುಟ್ಟೋದಿಲ್ಲ, ತೊಳೆಯೋದಿಲ್ಲ, ಐಸೂ ಇಲ್ಲ, ಪೇಪರ್ ಲೋಟದ ತಳಭಾಗ ಕತ್ತರಿಸ್ಕೊಂಡು ಅದನ್ನ ಕಣ್ಣಿಗೆ ತಾಗದೆ ಸುತ್ತಲಿನ ಮೂಳೆ ಮೇಲೆ ಕೂರೋ ಹಾಗೆ ಮುಚ್ಚಿ ಟೇಪ್ ಹಾಕಿ ಹೊರಡೋದು, ಊಟ ಕೊಡ್ಬೇಡಿ, ಆಪರೇಷನ್ ಆಗಬಹುದು. ಮೇಲೆ ನೋಡು ಅಂದ್ರೆ ಒಂದು ಎರಡಾಗಿ ಕಂಡ್ರೆ, ಕೆನ್ನೆ ಮರಗಟ್ಟಿದ್ರೆ ಕಣ್ಣಿನ ಕೆಳಗಿನ ಮೂಳೆ ಮುರಿದಿರೋ ಸಂಭವ, ಸಿಂಬಳ ಸೀಟ್ಬೇಡಿ, ಗಾಳಿ ನುಗ್ಗಿ ರೆಪ್ಪೆ ಇನ್ನೂ ಊದುತ್ತೆ.

ಮಕ್ಕಳಲ್ಲಿ ಈ ಮೂಳೆ ಮುರಿತದ್ದೇ ಒಂದು ಮೋಸದ ರೂಪ ಇದೆ. ಕಣ್ಣು ಬೆಳ್ಳಗೇ ಇರುತ್ತೆ, ನೀಲಿನೂ ಅಷ್ಟಿಲ್ಲ, ಆದ್ರೆ ಮಗು ವಾಂತಿ ಮಾಡ್ಕೊಳ್ಳುತ್ತೆ, ಕಣ್ಣನ್ನ ಮೇಲೆ ತಿರುಗಿಸೋಕೆ ಆಗಲ್ಲ. ಮುರಿದ ಮೂಳೆ ಸಂದಿಯಲ್ಲಿ ಕಣ್ಣು ತಿರುಗಿಸೋ ಸ್ನಾಯು ಸಿಕ್ಕಿಹಾಕ್ಕೊಂಡಿರುತ್ತೆ. ಅಜೀರ್ಣ ಅಂತ ಓಮದ ನೀರು ಕುಡಿಸ್ಕೊಂಡು ಕೂತ್ರೆ ಆ ಸ್ನಾಯು ಸಾಯುತ್ತೆ, ಒಂದೆರಡು ದಿನದೊಳಗೆ ಬಿಡಿಸ್ಬೇಕು.

ಕ್ರಿಕೆಟ್ ನೋಡೋರಿಗೆ ಸಬಾ ಕರೀಂ ನೆನಪಿರಬಹುದು, 2000ರ ಏಷ್ಯಾ ಕಪ್‌ನಲ್ಲಿ, ಢಾಕಾದಲ್ಲಿ, ನಮ್ಮ ಕುಂಬ್ಳೆ ಬೌಲಿಂಗ್‌ಗೆ ಕೀಪಿಂಗ್ ಮಾಡ್ತಾ ಬಲಗಣ್ಣಿಗೆ ಬಾಲ್ ಬಿದ್ದು ಅವರ ಕೆರಿಯರ್ರೇ ಹೋಯ್ತು. ಶಟಲ್‌ನೂ ಹಗುರ ಅಂತ ಬಿಡ್ಬೇಡಿ, ಅದರ ಕಾರ್ಕ್ ಅಗಲ ಹೆಚ್ಚುಕಮ್ಮಿ ಕಣ್ಣುಗುಡ್ಡೆಯಷ್ಟೇ, ಸುತ್ತಲಿನ ಮೂಳೆ ತಡೆಯೋಕೆ ಆಗಲ್ಲ.

ಇನ್ನೊಂದು ಮಾತು, ಹುಡುಗ ಪೂರ್ತಿ ವಾಸಿಯಾದ್ರೂ ವರ್ಷಕ್ಕೊಂದು ಸಲ ಕಣ್ಣಿನ ಒತ್ತಡ ಚೆಕ್ ಮಾಡಿಸ್ತಾ ಇರಿ. ಒಳಗಿನ ನೀರು ಹೊರಹೋಗೋ ಜಾಗಕ್ಕೆ ಪೆಟ್ಟಾಗಿದ್ರೆ ಎಷ್ಟೋ ವರ್ಷ ಆದ್ಮೇಲೆ ಗ್ಲಾಕೋಮಾ, ಅಂದ್ರೆ ಒತ್ತಡದಿಂದ ಕಣ್ಣಿನ ನರ ಹಾಳಾಗೋ ಕಾಯಿಲೆ, ಬರಬಹುದು, ನೋವಿಲ್ದೆ.

ಪ್ರಶ್ನೆ: ಒಂದೂವರೆ ತಿಂಗಳ ಹಿಂದೆ ಹಾಲು ಕರೆಯೋವಾಗ ಹಸು ತಲೆ ಒದರಿ ಕೊಂಬು ಎಡಗಣ್ಣಿಗೆ ತಗುಲ್ತು. ಅವಾಗ ಏನೂ ಆಗ್ಲಿಲ್ಲ. ಈಗ ರಾತ್ರಿ ಲೈಟ್ ಆಫ್ ಮಾಡಿದ್ರೆ ಕಣ್ಣಂಚಲ್ಲಿ ಮಿಂಚು ಹೊಡೆಯುತ್ತೆ, ಹಗಲೊತ್ತು ಕಪ್ಪು ಚುಕ್ಕಿ ಓಡಾಡ್ತವೆ. ವಯಸ್ಸು 52, ಚಾಳೀಸು ಇರಬಹುದಾ?
- ಓದುಗರು, ಬೇಲೂರು

ಉತ್ತರ: ಚಾಳೀಸಿಗೆ ಮಿಂಚು ಹೊಡೆಯಲ್ಲ ಗೌಡ್ರೇ. ಕಣ್ಣಿನ ಹಿಂಭಾಗದ ಪರದೆ, ಅಂದ್ರೆ ರೆಟಿನಾ, ಹರಿದಿರಬಹುದು, ಏಟಾದ ವಾರಗಳು ತಿಂಗಳುಗಳ ಮೇಲೂ ಇದು ಕಾಣಿಸ್ಕೊಳ್ಳುತ್ತೆ. ಬರೀ ಹರಿದಿರೋ ಹಂತದಲ್ಲಿದ್ರೆ ಸಾಮಾನ್ಯವಾಗಿ ಲೇಸರ್‌ನಲ್ಲೇ ಮುಗಿಯುತ್ತೆ, ಕಿತ್ಕೊಂಡು ಬಂದ್ರೆ ದೊಡ್ಡ ಆಪರೇಷನ್. ಒಂದು ಕಡೆಯಿಂದ ಕತ್ತಲು ಆವರಿಸ್ತಿದ್ರೆ ನಾಳೆಗೂ ಬಿಡ್ಬೇಡಿ. ಕಣ್ಣಿನ ಡಾಕ್ಟರ್ ಹತ್ರ ಹೋದಾಗ ಪಾಪೆ ಹಿಗ್ಗೋ ಡ್ರಾಪ್ಸ್ ಹಾಕ್ತಾರೆ, ಕೆಲವು ಗಂಟೆ ಮಬ್ಬಾಗಿರುತ್ತೆ, ಬೈಕ್ ಓಡ್ಸೋಕೆ ಮಗನನ್ನ ಕರ್ಕೊಂಡು ಹೋಗಿ.

ಪ್ರಶ್ನೆ: ಕಣ್ಣಿಗೆ ಏಟು ಬಿದ್ರೆ ಎದೆಹಾಲು, ಹರಳೆಣ್ಣೆ, ನಂದಿಬಟ್ಟಲು ಹೂವಿನ ರಸ, ಯಾವುದು ಒಳ್ಳೇದು? ನಮ್ಮತ್ತೆ ಮೂರೂ ಹೇಳ್ತಾರೆ.
- ಓದುಗರು, ಕೊಪ್ಪ

ಉತ್ತರ: ಮೂರೂ ಬೇಡ, ಕಣ್ಣೊಳಗೆ ಗಾಯ ಇದ್ರೆ ಸೋಂಕು ಅಲ್ಲಿಂದಲೇ ಶುರು. ಗುಡ್ಡೆ ಒಡೆದಿರೋ ಅನುಮಾನ ಇಲ್ದಿದ್ರೆ ಬಟ್ಟೇಲಿ ಸುತ್ತಿದ ಐಸ್ ರೆಪ್ಪೆ ಸುತ್ತ ಒತ್ತದೆ ಇಡ್ಬಹುದು, ಅತ್ತೆಯವರಿಗೆ ಆ ಕೆಲಸ ಕೊಡಿ. ಮನೇಲಿ ಯಾವಾಗ್ಲೋ ತಂದು ಉಳಿದಿರೋ ಡ್ರಾಪ್ಸ್‌ನೂ ಹಾಕ್ಬೇಡಿ, ಅದರಲ್ಲಿ ಸ್ಟೀರಾಯ್ಡ್ ಇದ್ರೆ ಕಣ್ಣಿನ ಒತ್ತಡ ಏರ್ಸಬಹುದು.