ತಮ್ಮಾ, ಅಲ್ಲೆ ಸಣ್ಣ ಮನಿ ಸಿಗೋದ ಕಷ್ಟ

ತಮ್ಮಾ, ನೀ ಬರದಿದ್ದು ಓದಿದೆ. ಜನವರಿಗೆ ಅಮೆರಿಕಾದ ಟೆಕ್ಸಾಸ್ ರಾಜ್ಯದ ಡಲ್ಲಾಸಿಗೆ ಬರಾಕತ್ತೀನಿ, ಕೆಲಸದ ಎಚ್ ಒನ್ ಬಿ ವೀಸಾ, ಗಂಡ ಹೆಂಡ್ತಿ ಇಬ್ಬರ, ಬಾಡಗಿ ಕೊಟ್ಟು ರೊಕ್ಕ ಹಾಳ ಮಾಡಬ್ಯಾಡ ಅಂತ ಅಪ್ಪ ಅಂತಾನ, ಒಂದ ವರ್ಷದಾಗ ಒಂದು ಸಣ್ಣ ಎರಡು ಬೆಡ್‌ರೂಮಿನ ಮನಿ ತಗೊಂಬಿಡ್ತೀನಿ, ಎಷ್ಟಕ್ಕ ಸಿಗ್ತದ ಅಕ್ಕಾ ಅಂತ ಕೇಳೀದಿ. ನಿಂದು ಸಿಂಧನೂರು, ನಂದು ಕಾರಟಗಿ, ಡಲ್ಲಾಸಿಗೆ ಹೋಗಿ 14 ವರ್ಷ ಆತು. ಈಗ ರಜಾಕ್ಕ ಬಂದು ಗಂಗಾವತ್ಯಾಗ ಅಣ್ಣನ ಮನಿ ಮಾಳಿಗಿ ಮ್ಯಾಲೆ ಕುಂತು ಬರಿಯಾಕತ್ತೀನಿ, ಕರೆಂಟ್ ಹೋಗೇತಿ, ಫೋನ್ ಚಾರ್ಜ್ ಇರೋತನ ಹೇಳ್ತೀನಿ.

ಎಷ್ಟಕ್ಕ ಸಿಗ್ತದ ಅನ್ನೋದು ಆಮ್ಯಾಲಿನ ಮಾತು, ನೀ ಕೇಳೋ ಅಂಥ ಮನಿ ಅಲ್ಲೆ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮಿ ಅದಾವು.

ಈ ಮಾಳಿಗಿ ಮ್ಯಾಲಿಂದ ನೋಡಿದ್ರ ಹೇಳೋದು ಸಸಾರ ಆಗ್ತದ. ಅಣ್ಣಂದು 30×40 ಪ್ಲಾಟು. ಕೆಳಗ ಅವ ಇರ್ತಾನ, ಮ್ಯಾಲೆ ಎರಡು ಪೋರ್ಷನ್ ಮಾಡ್ಯಾನ, ಒಂದ್ರಾಗ ಸಾಲಿ ಮಾಸ್ತರ್ ಗಂಡ ಹೆಂಡ್ತಿ, ಇನ್ನೊಂದು ಬರೇ ಒಂದು ಖೋಲಿ ಒಂದು ಬಚ್ಚಲ, ಅದ್ರಾಗ ರೈಸ್‌ಮಿಲ್ಲಿನಾಗ ಲೆಕ್ಕಾ ಬರಿಯೋ ಹುಡುಗ. ಎದುರಿಗೆ 20×30 ಪ್ಲಾಟಿನಾಗ ಒಂದು ಮುದುಕಿ ಪಡಸಾಲಿ ಅಡಗಿಮನಿ ಅಷ್ಟ ಇಟ್ಕೊಂಡು ಆರಾಮ ಅದಾಳ. ಮೂಲಿಗೆ ಒಬ್ಬ ಗುತ್ತಿಗೆದಾರ ಮೂರು ಪ್ಲಾಟ್ ಕೂಡಿಸಿ ಬಂಗ್ಲೆ ಕಟ್ಟ್ಯಾನ. ಒಂದ ಓಣಿ, ಎಲ್ಲಾ ಅಳತಿ ಮನಿ, ಯಾರ ಕಿಸೆದಾಗ ಎಷ್ಟು ಐತೋ ಅಷ್ಟಕ್ಕ ತಕ್ಕಂಗ ಒಂದು ಬಾಗ್ಲ ಇರ್ತದ. ಗಾಳಿ ಬೆಳಕು ಇಲ್ಲ, ಗಟಾರ ತುಂಬಿ ಹರಿತದ, ಅದೆಲ್ಲ ಖರೆ, ಛಂದ ಐತಿ ಅಂತ ನಾ ಹೇಳಾಕತ್ತಿಲ್ಲ, ಆದ್ರ ಸಣ್ಣದು ಬೇಕಂದ್ರ ಸಣ್ಣದು ಸಿಗ್ತದ.

ಡಲ್ಲಾಸಿನಾಗ ಹಂಗಲ್ಲ. ಯಾವ ಜಾಗಾದಾಗ ಎಂಥ ಮನಿ ಕಟ್ಟಬೇಕು ಅಂತ ಝೋನಿಂಗ್ ಕಾನೂನು ಇರ್ತದ. ಊರಿನ ಭಾಳಷ್ಟು ಭಾಗದಾಗ ಒಂದು ಪ್ಲಾಟಿಗೆ ಒಂದ ಕುಟುಂಬದ ಒಂದ ಮನಿ. ಆ ಪ್ಲಾಟು ಇಂತಿಷ್ಟಕ್ಕಿಂತ ಸಣ್ಣದು ಇರಬಾರದು, ಅದಕ್ಕೂ ನಿಯಮ. ಡಲ್ಲಾಸ್ ಸಿಟಿ ಒಳಗ ಆರ್-7.5 ಅಂತ ಒಂದು ಝೋನ್ ಐತಿ, ಅಂದ್ರ ಕಡಿಮಿ ಅಂದ್ರೂ 7,500 ಚದರ ಅಡಿ ಪ್ಲಾಟು. ನಮ್ಮ 30×40 ಅಂದ್ರ 1,200. ಆರು ಪ್ಲಾಟು ಕೂಡಿಸಿದ ಜಾಗಾದಾಗ ಒಂದ ಮನಿ! ಅಷ್ಟು ಜಾಗಾಕ್ಕ ರೊಕ್ಕ ಸುರಿದ ಬಿಲ್ಡರ್ ಅದ್ರ ಮ್ಯಾಲೆ ನಿನಗಂತ 900 ಚದರ ಅಡಿ ಮನಿ ಯಾಕ ಕಟ್ಟತಾನ ಹೇಳು. ಜಾಗಾ, ಪರ್ಮಿಟ್ಟು, ನೀರಿನ ಲೈನು, ಅಡಗಿಮನಿ, ಬಾತ್‌ರೂಮು, ಎಸಿ, ಇವೆಲ್ಲ ಸಣ್ಣ ಮನಿಗೂ ಬೇಕ ಬೇಕು, ಖರ್ಚು ಬರೋದ ಇವಕ್ಕ. ಅದರ ಮ್ಯಾಲೆ ಇನ್ನೊಂದು ಬೆಡ್‌ರೂಮ್ ಹಾಕೋದು ಅಂದ್ರ ನಾಕು ಗ್ವಾಡಿ ಒಂದು ಕಿಟಕಿ, ಅದಕ್ಕ ಹೆಚ್ಚಿನ ಖರ್ಚಿಲ್ಲ, ಮಾರೋ ಮುಂದ ಮಾತ್ರ ರೇಟು ಜಿಗಿತದ. ಅದಕ್ಕ ನಾಕು ಬೆಡ್‌ರೂಮ್ ಕಟ್ಟತಾನ.

ಮೊದಲ ಹಿಂಗಿದ್ದಿಲ್ಲ. ಎರಡನೇ ಮಹಾಯುದ್ಧ ಮುಗದ ಮ್ಯಾಲೆ 1947ರಾಗ ನ್ಯೂಯಾರ್ಕ್ ಹತ್ರ ಲೆವಿಟೌನ್ ಕಟ್ಟಿದಾಗ ಒಂದೊಂದು ಮನಿ ಬರೇ 750 ಚದರ ಅಡಿ (ಕರಿ ಮಂದಿಗೆ ಮಾತ್ರ ಕೊಡ್ತಿದ್ದಿಲ್ಲ, ಅದು ಬ್ಯಾರೆ ಕಥಿ). 1980ರ ಸುಮಾರಿಗೂ ಹೊಸಾ ಮನಿ ಹತ್ತರಾಗ ನಾಕು 1,400 ಚದರ ಅಡಿ ಒಳಗ ಇರ್ತಿದ್ದವು, 2019ಕ್ಕ ಹತ್ತರಾಗ ಒಂದೂ ಇಲ್ಲ. ಇತ್ಲಾಗ ಮಂದಿ ನೋಡಿದ್ರ ಕಡಿಮಿ ಆಗ್ಯಾರ, 1940ರಾಗ ಒಂದು ಮನಿಗೆ ಸರಾಸರಿ ಮೂರೂವರಿಗಿಂತ ಹೆಚ್ಚು ಮಂದಿ, ಈಗ ಎರಡೂವರಿ.

ನಂದ ಹೇಳ್ತೀನಿ ಕೇಳು. 2017ರಾಗ ನಾವು ಗಂಡ ಹೆಂಡ್ತಿ ಒಂದು ಕೂಸು, ಸಣ್ಣ ಮನಿ ಸಾಕು ಅಂತ ಹೊಸಾ ಲೇಔಟಿಗೆ ಹೋದ್ವಿ. ಆಫೀಸಿನಾಗಿದ್ದ ಹೆಣ್ಮಗಳು ಎಲ್ಲಾಕಿಂತ ಸಣ್ಣ ಪ್ಲ್ಯಾನ್ ಅಂತ ತೋರಿಸಿದ್ದ 2,300 ಚದರ ಅಡಿ, ಅದೂ "ಆ ಪ್ಲ್ಯಾನಿನ ಪ್ಲಾಟು ಖಾಲಿ ಆಗ್ಯಾವು" ಅಂದ್ಲು. ಕಡೀಕ 2,600 ತಗೊಂಡ್ವಿ. ಫಾರ್ಮಲ್ ಡೈನಿಂಗ್ ಅಂತ ಒಂದು ಖೋಲಿ ಐತಿ, ಎಂಟು ವರ್ಷದಾಗ ಅಲ್ಲೆ ಯಾರೂ ಕುಂತು ಉಂಡಿಲ್ಲ, ಅಕ್ಕಿ ಚೀಲ, ಇಸ್ತ್ರಿ ಟೇಬಲ್ಲು, ಖಾಲಿ ಡಬ್ಬಿ ಇಟ್ಟೀವಿ. ನಮ್ಮವ್ವ ಬಂದಿದ್ಲು, ಮೊದಲನೇ ದಿನ ಕಸಾ ಹೊಡಿಯಾಕ ಶುರು ಮಾಡಿ ಅರ್ಧಕ್ಕ ಕುಂತಬಿಟ್ಲು, "ಇದರಾಗ ಯಾರ ಇರ್ತಾರಬೇ, ಇದರಾಗ ಯಾರ ಇರ್ತಾರ" ಅಂತ ಒಂದೊಂದ ಬಾಗ್ಲಾ ತಗದು ಕೇಳಾಕಿ. ಜುಲೈ ತಿಂಗಳು ರಾಯಚೂರ ಬಿಸ್ಲು ಇದ್ದಂಗ ಇರ್ತದ, ಯಾರೂ ಇರಲಾರದ ಖೋಲಿಗೂ ಎಸಿ ಹೊಡಿತದ, ಬಿಲ್ಲು ಬರ್ತದ.

ಇನ್ನೊಂದು ಮಜಾ ಅಂದ್ರ ಅಲ್ಲಿ ಮಣ್ಣು ನಮ್ಮ ಎರಿ ಮಣ್ಣ. ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಅಂತಾರ. ಮಳಿಗೆ ಉಬ್ಬತದ, ಬ್ಯಾಸಿಗಿಗೆ ಬಿರಕ ಬಿಡ್ತದ, ಮನಿ ಬುನಾದಿನ ಎಳಿತದ, ಗ್ವಾಡಿ ಸೀಳ್ತಾವು. ಅದಕ್ಕ ಬ್ಯಾಸಿಗ್ಯಾಗ ಮನಿ ಸುತ್ತ ತೂತಿನ ಪೈಪ್ ಹಾಸಿ ಬುನಾದಿಗೆ ನೀರು ಕುಡಿಸ್ತೀವಿ, ದೊಡ್ಡ ಮನಿ ಆದಂಗ ಪೈಪೂ ಉದ್ದ. ನಮ್ಮವ್ವ ನೋಡಿ ನಕ್ಕಿದ್ದ ನಕ್ಕಿದ್ದು, "ಹತ್ತಿಗೆ ನೀರ ಬಿಡೋದು ನೋಡಿದ್ದೆ, ಮನಿಗೆ ಬಿಡೋದು ಇಲ್ಲೇ ನೋಡಿದೆ" ಅಂತ.

ಈಗ ರೊಕ್ಕದ ಮಾತು. ಟೆಕ್ಸಾಸಿನಾಗ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ ಅಂತ ಎಲ್ಲಾರೂ ಹೇಳ್ತಾರ, ಮನಿ ಟ್ಯಾಕ್ಸ್ ಹೇಳಂಗಿಲ್ಲ. ನಮ್ಮ ಕಡೆ ಮನಿ ಬೆಲಿಯ ಸುಮಾರು 2%, ಹೊಸಾ ಲೇಔಟಾದ್ರ ಇನ್ನೂ ಹೆಚ್ಚು, ಪ್ರತಿ ವರ್ಷ. ಆನಿಕಲ್ಲು ಬಿದ್ದು ಛಾವಣಿ ಹೊಡದು ಹೋಗ್ತದ ಅಂತ ಇನ್ಸೂರೆನ್ಸೂ ಜಾಸ್ತಿ. ಮ್ಯಾಲೆ ಎಚ್‌ಒಎ, ಅಂದ್ರ ಲೇಔಟಿನ ಮನಿ ಮಾಲಕರ ಸಂಘದ ಫೀ. ಬಡ್ಡಿ ನೋಡು, 3 ಲಕ್ಷ ಡಾಲರ್ ಸಾಲಕ್ಕ 30 ವರ್ಷದ ಕಂತು 3% ಇದ್ದಾಗ ತಿಂಗಳಿಗೆ 1,265 ಡಾಲರ್, 7% ಆದ್ರ 1,996. 2021ರಾಗ 3% ಹಿಡಕೊಂಡೋರು ಈಗ ಮನಿ ಬಿಡ್ತಾರೇನು? ಮಕ್ಕಳು ದೊಡ್ಡವರಾಗಿ ಹೋದ್ರೂ ಅಲ್ಲೇ ಕುಂತಾರ, ಯಾಕಂದ್ರ ಸಣ್ಣ ಮನಿಗೆ ಹೋದ್ರ ಹೊಸಾ ಬಡ್ಡಿಗೆ ಕಂತು ಇನ್ನೂ ಹೆಚ್ಚಾಗ್ತದ. ನಿನಗ ಇನ್ನೊಂದು, 3.5% ಅಷ್ಟ ಮುಂಗಡ ಹಾಕಿ ತಗೊಳ್ಳೋ, ಸರಕಾರದ ಗ್ಯಾರಂಟಿ ಇರೋ ಎಫ್‌ಎಚ್‌ಎ ಸಾಲ ಇತ್ತು, ಅದು 2025ರ ಮೇ ತಿಂಗಳಿಂದ ವೀಸಾ ಮ್ಯಾಲೆ ಇರೋರಿಗೆ ಬಂದ್. ಬ್ಯಾರೆ ಸಾಲ ಸಿಗ್ತಾವು, ಆದ್ರ 20% ಹಾಕಲಿಲ್ಲ ಅಂದ್ರ ಪಿಎಂಐ ಅಂತ, ಸಾಲ ಕೊಟ್ಟೋರಿಗೆ ನಷ್ಟ ಆಗಬಾರದು ಅಂತ ಇರೋ ಇನ್ಸೂರೆನ್ಸಿಗೆ, ತಿಂಗಳಾ ತಿಂಗಳಾ ಕಟ್ಟಬೇಕು.

ಸರಕಾರ ಏನೂ ಮಾಡಿಲ್ಲ ಅಂತಲ್ಲ. ಟೆಕ್ಸಾಸಿನದ ಹ್ಯೂಸ್ಟನ್ ಊರು 1998ರಾಗ ನಡು ಊರಾಗ ಕಡಿಮಿ ಅಂದ್ರೂ 5,000 ಚದರ ಅಡಿ ಪ್ಲಾಟು ಅಂತ ಇದ್ದ ನಿಯಮ 1,400ಕ್ಕ ಇಳಿಸ್ತು, ನಮ್ಮ 30×40ಕ್ಕ ಹತ್ರ ಬಂತು, ಆಮ್ಯಾಲೆ ಒಂದು ಹಳೇ ಮನಿ ಜಾಗಾದಾಗ ಮೂರು ನಾಕು ಟೌನ್‌ಹೋಮ್, ಅಂದ್ರ ಗ್ವಾಡಿಗೆ ಗ್ವಾಡಿ ಹಚ್ಚಿ ಕಟ್ಟೋ ಮನಿ, ಎದ್ದವು. ಆಸ್ಟಿನ್ ಊರೂ 2024ರಾಗ 5,750ರಿಂದ 1,800ಕ್ಕ ಇಳಿಸ್ತು. ಟೆಕ್ಸಾಸ್ ರಾಜ್ಯದ್ದ ಹೊಸಾ ಕಾನೂನು 2025ರ ಸೆಪ್ಟೆಂಬರ್ 1ರಿಂದ ಬಂದೈತಿ, ದೊಡ್ಡ ಊರುಗಳಾಗ 5 ಎಕರೆ ಮ್ಯಾಲಿನ ಹೊಸಾ ಲೇಔಟಿನಾಗ 3,000 ಚದರ ಅಡಿಗಿಂತ ದೊಡ್ಡ ಪ್ಲಾಟೇ ಬೇಕು ಅಂತ ಊರು ಹಟ ಮಾಡಂಗಿಲ್ಲ. ಆದ್ರ ಅದು ಹೊಸಾ ಲೇಔಟಿಗೆ ಅಷ್ಟ, ಹಳೇ ಓಣಿಗಳಿಗೆ ಮುಟ್ಟಂಗಿಲ್ಲ. ನೀ ಬರೋ ವರ್ಷದಾಗ ಇದರಿಂದ ಏನೂ ಆಗಂಗಿಲ್ಲ.

ಹಳೇ ಓಣ್ಯಾಗ ಯಾಕ ಆಗಂಗಿಲ್ಲ ಅಂದ್ರ ನಮ್ಮಂಥೋರಿಂದ. ಇದನ್ನ ಹೇಳಾಕ ನಾಚಿಕಿ ಬರ್ತದ, ಆದ್ರೂ ಹೇಳ್ತೀನಿ. 2019ರಾಗ ನಮ್ಮ ಲೇಔಟ್ ಹಿಂದಿನ ಖಾಲಿ ಹೊಲದಾಗ ಟೌನ್‌ಹೋಮ್ ಕಟ್ಟತೀವಿ ಅಂತ ಬೋರ್ಡ್ ಬಿತ್ತು. ಬಾಜೂ ಮನಿ ಹೆಣ್ಮಗಳು ಕಾಗದ ಹಿಡಕೊಂಡು ಬಂದ್ಲು, ಟ್ರಾಫಿಕ್ ಆಗ್ತದ, ಸಾಲಿ ತುಂಬತದ, ನಮ್ಮ ಮನಿ ಬೆಲಿ ಬೀಳ್ತದ ಅಂತ. ಒಲಿ ಮ್ಯಾಲೆ ಒಗ್ಗರಣಿ ಇತ್ತು, ನಿಂತಲ್ಲೇ ಸಹಿ ಹಾಕಿ ಬಾಗ್ಲ ಹಾಕ್ಕೊಂಡೆ. ಆ ಪ್ಲ್ಯಾನ್ ಬಿದ್ದು ಹೋತು. ಈಗ ಅಲ್ಲೆ ನಾಕು ಬೆಡ್‌ರೂಮಿನ ಮನಿ ಅದಾವು. ಹೋದ ವರ್ಷ ನಮ್ಮ ಚಿಗವ್ವನ ಮಗಾ ಹೆಂಡ್ತಿ ಕರ್ಕೊಂಡು ಬಂದು ನಮ್ಮ ಹತ್ರನ ಒಂದು ಸಣ್ಣ ಮನಿ ನೋಡು ಅಕ್ಕಾ ಅಂದ, ಆರು ತಿಂಗಳು ಹುಡುಕಿದ್ವಿ, ಸಿಗಲಿಲ್ಲ. ಸಹಿ ಹಾಕಿದ್ದು ಅವಗ ಹೇಳಿಲ್ಲ.

ನಿನಗ ಏನ್ ಮಾಡು ಅಂತ ಹೇಳಲಿ? ಮೊದಲ ಎರಡು ವರ್ಷ ಬಾಡಗಿಗೆ ಇರು, ಅಪ್ಪನ ಮಾತು ನಾ ಒಪ್ಪಂಗಿಲ್ಲ. ಸಣ್ಣ ಜಾಗಾ ಅಂತ ಅಲ್ಲೆ ಸಲೀಸಾಗಿ ಸಿಗೋದು ಅಪಾರ್ಟ್‌ಮೆಂಟಿನಾಗ ಅಷ್ಟ. ಡಲ್ಲಾಸಿನ ಬಾಜೂಕ ಇರೋ ಇರ್ವಿಂಗ್ ಕಡೆ ನೋಡು, ಒಂದ ಬೆಡ್‌ರೂಮ್ 700 ಚದರ ಅಡಿ ಆಸುಪಾಸು, ಇಬ್ಬರಿಗೆ ಸಾಕು ಬೇಕಾದಷ್ಟು. ಬಾಡಗಿಯ ಮೂರು ಪಟ್ಟು ಪಗಾರ ತೋರಿಸಬೇಕು, ನಿನಗ ಕ್ರೆಡಿಟ್ ಹಿಸ್ಟರಿ, ಅಂದ್ರ ಅಲ್ಲೆ ಸಾಲ ತಗೊಂಡು ತೀರಿಸಿದ ದಾಖಲಿ, ಇರಂಗಿಲ್ಲ, ಹಂಗಾಗಿ ಡಿಪಾಸಿಟ್ ಹೆಚ್ಚು ಕೇಳಬಹುದು, ಆಫರ್ ಲೆಟರ್ ಕೈಯಾಗ ಇರಲಿ. ಎರಡು ವರ್ಷದ ಮ್ಯಾಲೂ ತಗೊಳ್ಳೋದ ಅಂದ್ರ ಹೊಸಾ ಲೇಔಟಿನ ಮಾದರಿ ಮನಿ ನೋಡಾಕ ಹೋಗಬ್ಯಾಡ, ಮನಸ್ಸು ಕೆಡ್ತದ. ಇರ್ವಿಂಗ್, ಗಾರ್ಲೆಂಡ್ ಕಡೆ 1950-60ರ ಹೊತ್ತಿನ್ಯಾಗ ಕಟ್ಟಿದ ಒಂದ ಅಂತಸ್ತಿನ 1,200-1,400 ಚದರ ಅಡಿ ಮನಿ ಅದಾವು, ಖರೆ ಸಣ್ಣ ಮನಿ ಅಂದ್ರ ಅವ. ಆದ್ರ ನಗದು ಹಿಡಕೊಂಡು ನಿಂತ, ಮನಿ ಕೊಂಡು ಮಾರೋ ಮಂದಿ ನಿನಗಿಂತ ಮೊದಲ ಬಂದಿರ್ತಾರ. ಸಿಕ್ಕರ ಪ್ಲಂಬಿಂಗು, ಬುನಾದಿ ಎರಡೂ ಬ್ಯಾರೆ ಬ್ಯಾರೆ ಮಂದಿ ಕಡೆ ತೋರಿಸು, ಎರಿ ಮಣ್ಣಿನ ಗುಣ ನಿನಗ ನಾ ಹೇಳೋದು ಬ್ಯಾಡ.

ಲೀಸ್ ಪೇಪರಿಗೆ ಸಹಿ ಮಾಡೋಕಿಂತ ಮೊದಲ ನನಗ ಒಂದ ಸಲ ಕಳಸು, ನಡುವ ಬಿಟ್ಟು ಹೋದ್ರ ಎಷ್ಟು ದಂಡ ಅನ್ನೋ ಸಾಲು ಹುಡಿಕಿ ಕೊಡ್ತೀನಿ. ಮತ್ತ ಅಕ್ಕಿ ಹೊತಗೊಂಡು ಬರಬ್ಯಾಡ, ಸೋನಾ ಮಸೂರಿ ಇರ್ವಿಂಗಿನಾಗ ಎಲ್ಲಾ ಅಂಗಡ್ಯಾಗ ಸಿಗ್ತದ, ಆ ತೂಕದಾಗ ರೊಟ್ಟಿ ಹಂಚು ತಗೊಂಬಾ. ಚಾರ್ಜ್ 4% ಅಂತ ತೋರಿಸಾಕತ್ತೈತಿ, ಇಡ್ತೀನಿ.