ತುಂಗಭದ್ರೆಯ ಈ ದಡದ ಎಸ್ಸೆಸ್ಸೆಲ್ಸಿ

ನೀವು ಮೈಸೂರಿನವರು. ನಿಮ್ಮ ಪ್ರಶ್ನೆ ನೇರವಾಗಿದೆ. ರಾಜ್ಯಕ್ಕೆಲ್ಲ ಪುಸ್ತಕ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಪರೀಕ್ಷೆಯ ದಿನವೂ ಒಂದೇ. ಹಾಗಿದ್ದರೂ ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಕಡೆಯ, ಅಂದರೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಯಾಕೆ ಯಾವಾಗಲೂ ತಳದಲ್ಲೇ ಇರುತ್ತವೆ ಅಂತ ಕೇಳಿದ್ದೀರಿ.

ನಾನು ರಾಯಚೂರು ಜಿಲ್ಲೆಯಲ್ಲಿ, ಮಾನ್ವಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಊರಿಗೆ ತುಂಗಭದ್ರಾ ನದಿ ಹತ್ತಿರ. ಆಚೆ ದಡ ಆಂಧ್ರದ ಕರ್ನೂಲು ಜಿಲ್ಲೆ. ಬೇಸಿಗೆಯಲ್ಲಿ ನೀರು ಇಳಿದಾಗ ಜನ ನಡೆದೇ ದಾಟುತ್ತಾರೆ. ಹೆಣ್ಣು ತರುವುದು ಕೊಡುವುದು ಎರಡೂ ಕಡೆ ಇದೆ. ನನ್ನ ಹತ್ತನೇ ತರಗತಿಯಲ್ಲಿ ಮನೆಯಲ್ಲಿ ಕನ್ನಡ ಆಡುವವರು, ತೆಲುಗು ಆಡುವವರು, ಉರ್ದು ಆಡುವವರು, ಲಂಬಾಣಿ ಆಡುವವರು ಎಲ್ಲರೂ ಇದ್ದಾರೆ. ಪರೀಕ್ಷೆ ಬರೆಯುವುದು ಮಾತ್ರ ಎಲ್ಲರೂ ಕನ್ನಡದಲ್ಲೇ.

ಮೊದಲು ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ. ಎಸ್ಸೆಸ್ಸೆಲ್ಸಿಗೆ ಆರು ವಿಷಯ, ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಪ್ರಥಮ ಭಾಷೆಯಲ್ಲಿ 25, ಉಳಿದವುಗಳಲ್ಲಿ 20 ಆಂತರಿಕ ಅಂಕ. ಇವನ್ನು ಶಾಲೆಯೇ ಕೊಡುತ್ತದೆ. ಉಳಿದದ್ದು ಲಿಖಿತ. ಪ್ರಶ್ನೆಪತ್ರಿಕೆ ತಯಾರಿಸುವುದು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಸೀಲ್ ಮಾಡಿದ ಬಂಡಲ್‌ಗಳು ತಾಲ್ಲೂಕು ಖಜಾನೆಗೆ ಬಂದು ಪೊಲೀಸ್ ಕಾವಲಿನಲ್ಲಿ ಇರುತ್ತವೆ. ಪರೀಕ್ಷೆಯ ದಿನ ಬೆಳಿಗ್ಗೆ ಮಾರ್ಗಾಧಿಕಾರಿಗಳು ಅವನ್ನು ಗಾಡಿಯಲ್ಲಿ ಕೇಂದ್ರಗಳಿಗೆ ಮುಟ್ಟಿಸುತ್ತಾರೆ. ನಮ್ಮ ಮಕ್ಕಳು ನಮ್ಮ ಶಾಲೆಯಲ್ಲಿ ಬರೆಯುವುದಿಲ್ಲ, ಬೇರೆ ಊರಿನ ಕೇಂದ್ರಕ್ಕೆ ಹೋಗುತ್ತಾರೆ. ಹಾಲ್ ಟಿಕೆಟ್ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಕೇಂದ್ರದ ಸುತ್ತಲಿನ ಜೆರಾಕ್ಸ್ ಅಂಗಡಿಗಳು ಅಷ್ಟು ಹೊತ್ತು ಬಾಗಿಲು ಹಾಕಿರುತ್ತವೆ. ಪತ್ರಿಕೆ ಓದಿಕೊಳ್ಳಲು ಮೊದಲ 15 ನಿಮಿಷ ಜಾಸ್ತಿ ಕೊಡುತ್ತಾರೆ. ಉತ್ತರ ಪತ್ರಿಕೆಗಳು ಬೇರೆ ಜಿಲ್ಲೆಗೆ ಹೋಗುತ್ತವೆ. ಯಾರ ಪತ್ರಿಕೆ ಯಾರು ತಿದ್ದಿದರು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಈ ವ್ಯವಸ್ಥೆಯ ಬಗ್ಗೆ ನನಗೆ ಗೌರವ ಇದೆ. ಇಷ್ಟೊಂದು ಲಕ್ಷ ಮಕ್ಕಳಿಗೆ ಒಂದೇ ದಿನ, ಒಂದೇ ಗಂಟೆಗೆ ಪತ್ರಿಕೆ ಮುಟ್ಟಿಸುವುದು ಸುಮ್ನೆ ಮಾತಲ್ಲ. ನಮ್ಮ ಕೊನೆಯ ಹಳ್ಳಿಗೂ ಅದು ಟೈಮಿಗೆ ಸರಿಯಾಗಿ ಬರುತ್ತದೆ. ಆದರೆ ಆ ಪತ್ರಿಕೆ ಮಗುವಿನ ಕೈಗೆ ಬರುವ ಹೊತ್ತಿಗೆ ಆ ಮಗು ಎಷ್ಟು ದಿನ ಶಾಲೆಯಲ್ಲಿ ಕೂತಿತ್ತು ಅನ್ನುವುದು ನಮ್ಮ ಕಡೆ ಬೇರೆಯೇ ಲೆಕ್ಕ.

ನಮ್ಮದು ಹತ್ತಿ, ಭತ್ತ, ಮೆಣಸಿನಕಾಯಿ ಬೆಳೆಯುವ ನಾಡು. ದಸರಾ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ಹತ್ತಿ ಒಡೆದು ಬೆಳ್ಳಗೆ ನಿಂತಿರುತ್ತದೆ. ಹತ್ತಿ ಬಿಡಿಸಲು ಕೂಲಿ ಕಿಲೋ ಲೆಕ್ಕದಲ್ಲಿ. ಒಂದು ಮನೆಯಿಂದ ನಾಲ್ಕು ಕೈ ಹೋದರೆ ನಾಲ್ಕು ಕೈಯ ದುಡ್ಡು. ಹದಿನೈದು ವರ್ಷದ ಹುಡುಗಿಯ ಕೈ ಚುರುಕು, ದೊಡ್ಡವರಿಗಿಂತ ಬೇಗ ಬಿಡಿಸುತ್ತಾಳೆ. ನವೆಂಬರಿನಲ್ಲಿ ನನ್ನ ಹಾಜರಿ ಪುಸ್ತಕ ನೋಡಿದರೆ ಹೊಲ ನೋಡಬೇಕಾಗಿಲ್ಲ. ಯಾಕೆ ಬರಲಿಲ್ಲ ಅಂತ ಕೇಳಿದರೆ ಒಂದೇ ಉತ್ತರ: 'ಹತ್ತಿ ಇತ್ರಿ ಸರ್.' ಅದರಲ್ಲಿ ತಪ್ಪು ಮಾಡಿದ ಭಾವವೇ ಇರುವುದಿಲ್ಲ. ಮನೆಗೆ ಅಕ್ಕಿ ತಂದೆ ಅಂದಷ್ಟೇ ಸಹಜವಾಗಿ ಹೇಳುತ್ತಾರೆ. ಹತ್ತಿ ಮುಗಿಯಿತು ಅನ್ನುವಷ್ಟರಲ್ಲಿ ಕಾಲುವೆ ನೀರಿರುವ ಕಡೆ ಬೇಸಿಗೆ ಭತ್ತದ ನಾಟಿ. ಬಳ್ಳಾರಿ, ಸಿರುಗುಪ್ಪ ಕಡೆ ಫೆಬ್ರವರಿಯಲ್ಲೂ ಮೆಣಸಿನಕಾಯಿ ಕೆಲಸ ಇರುತ್ತದೆ. ಮಾರ್ಚಿಗೆ ಪರೀಕ್ಷೆ.

ಎಸ್ಸೆಸ್ಸೆಲ್ಸಿಗೆ ಕೂರಬೇಕಾದರೆ ಶೇ 75 ಹಾಜರಾತಿ ಬೇಕು. ಈ ನಿಯಮ ನ್ಯಾಯವಾದದ್ದೇ. ಆದರೆ ಡಿಸೆಂಬರಿನಲ್ಲಿ ನಾನೂ ಮುಖ್ಯ ಗುರುಗಳೂ ಸಂಜೆ ಮನೆ ಮನೆಗೆ ಹೋಗಿ ತಾಯಂದಿರ ಜೊತೆ ಮಾತಾಡದಿದ್ದರೆ ನಮ್ಮ ಹುಡುಗಿಯರಲ್ಲಿ ಎಷ್ಟೋ ಜನಕ್ಕೆ ಹಾಲ್ ಟಿಕೆಟ್ಟೇ ಬರುವುದಿಲ್ಲ. ಒಮ್ಮೆ ಒಬ್ಬ ತಾಯಿ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. 'ಸರ್, ಸಾಲಿಗೆ ಕಳಸ್ತೀನ್ರಿ. ಆದ್ರ ಇವತ್ತಿನ ಕೂಲಿ ಯಾರು ಕೊಡ್ತಾರ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಹುಡುಗಿ ಬಂದಳು. ತಾಯಿ ಒಬ್ಬಳೇ ಇನ್ನಷ್ಟು ಹೊತ್ತು ಹೊಲದಲ್ಲಿ ನಿಂತಳು.

ಇನ್ನು ಭಾಷೆ. ನಮ್ಮ ರಾಜ್ಯದ ಮಂಡಳಿ ಕನ್ನಡ, ಇಂಗ್ಲಿಷ್ ಅಲ್ಲದೆ ಉರ್ದು, ತೆಲುಗು, ಮರಾಠಿ, ತಮಿಳು, ಹಿಂದಿ ಮಾಧ್ಯಮದಲ್ಲೂ ಪತ್ರಿಕೆ ಕೊಡುತ್ತದೆ. ಹೊರಗಿನವರಿಗೆ ಇದು ಗೊತ್ತಿರುವುದು ಕಡಿಮೆ. ನದಿಯ ಆಚೆಗೂ ಹೀಗೆಯೇ. ಆಂಧ್ರದ ಹತ್ತನೇ ತರಗತಿ 600 ಅಂಕದ್ದು, ಅಲ್ಲಿನ ಗಡಿಯ ಕನ್ನಡ ಶಾಲೆಗಳ ಮಕ್ಕಳು ಅದನ್ನು ಕನ್ನಡದಲ್ಲಿ ಬರೆಯುತ್ತಾರೆ. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು, ಬಳ್ಳಾರಿ 1953ರಲ್ಲಿ ಮದ್ರಾಸಿನಿಂದ ಮೈಸೂರಿಗೆ ಸೇರಿತು. ಗೆರೆ ಎಳೆದಾಗ ಭಾಷೆಗಳು ಎರಡೂ ಕಡೆ ಉಳಿದುಕೊಂಡವು.

ಕಷ್ಟ ಇರುವುದು ನಡುವೆ ಸಿಕ್ಕ ಮಕ್ಕಳಿಗೆ. ಅಜ್ಜಿಯ ಮನೆಯಲ್ಲಿ ಏಳನೇ ತರಗತಿವರೆಗೆ ತೆಲುಗು ಮಾಧ್ಯಮದಲ್ಲಿ ಓದಿ, ಎಂಟಕ್ಕೆ ನನ್ನ ಹತ್ತಿರ ಬಂದ ಹುಡುಗಿ ಒಬ್ಬಳಿದ್ದಳು. ವೃತ್ತದ ಪಾಠದಲ್ಲಿ ನಾನು 'ತ್ರಿಜ್ಯ' ಅಂದಾಗೆಲ್ಲ ಅವಳ ಮುಖ ಖಾಲಿ. ಬೋರ್ಡಿಗೆ ಕರೆದು ಗೆರೆ ತೋರಿಸಿದೆ. 'ಓ, ವ್ಯಾಸಾರ್ಧಮಾ ಸಾರ್!' ಅಂದಳು. ನೋಡಿ, ಆ ಪದ ನಮ್ಮ ಪದಕ್ಕಿಂತ ಚೆನ್ನಾಗಿದೆ. ವ್ಯಾಸದ ಅರ್ಧ ಅಂತ ಅದರಲ್ಲೇ ಇದೆಯಲ್ಲ. ಅವಳಿಗೆ ಗಣಿತ ಬರುತ್ತಿತ್ತು. ಪದ ಬರುತ್ತಿರಲಿಲ್ಲ. ಅಂದಿನಿಂದ ನಾನು ಬೋರ್ಡಿನ ಒಂದು ಬದಿಯಲ್ಲಿ ಎರಡೂ ಪದ ಬರೆಯುತ್ತೇನೆ. ಹತ್ತನೇ ತರಗತಿಯ ಸಮಾಂತರ ಶ್ರೇಢಿ ತೆಲುಗಿನಲ್ಲಿ ಅಂಕಶ್ರೇಢಿ. ಮಕ್ಕಳು ನಗುತ್ತಾ ಎರಡನ್ನೂ ಕಲಿಯುತ್ತಾರೆ. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಆ ಬೋರ್ಡ್ ಇರುವುದಿಲ್ಲ. ಕನ್ನಡವೇ ಮನೆಮಾತಾದ ಮಕ್ಕಳಿಗೂ ಸಣ್ಣ ತೊಡಕುಗಳಿವೆ. ನಮಗೆ ಶೇಂಗಾ, ನಿಮಗೆ ಕಡಲೆಕಾಯಿ. ಒಂದು ಕಿರುಪರೀಕ್ಷೆಯಲ್ಲಿ ಕಡಲೆಕಾಯಿ ಅಂದರೆ ಕಡಲೆ ಅಂತಲೇ ತಿಳಿದ ಮಕ್ಕಳು ನನ್ನಲ್ಲಿದ್ದರು.

ಈಗ ಪಾಸಾಗುವ ದಾರಿ. ಗಣಿತದಲ್ಲಿ ಲಿಖಿತದ 80ಕ್ಕೆ 28 ಬಂದರೆ ಪಾಸು ಅನ್ನುವುದು ಬಹಳ ವರ್ಷ ನಡೆದ ಲೆಕ್ಕ. 2025-26ರಿಂದ ಒಟ್ಟಾರೆ ಶೇ 33, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಅಂತ ಮಾಡಿದ್ದಾರೆ. ಹಿಂದುಳಿದ ಮಕ್ಕಳನ್ನು ಆ ಗೆರೆ ದಾಟಿಸಲು ನಮ್ಮಲ್ಲಿ 'ಪಾಸಿಂಗ್ ಪ್ಯಾಕೇಜ್' ಅಂತ ಒಂದು ಕ್ರಮ ಇದೆ. ಪ್ರಶ್ನೆಪತ್ರಿಕೆಯ ನೀಲನಕ್ಷೆ, ಅಂದರೆ ಯಾವ ಪಾಠಕ್ಕೆ ಎಷ್ಟು ಅಂಕ ಅನ್ನುವುದು, ಮೊದಲೇ ಗೊತ್ತಿರುತ್ತದೆ. ಹಾಗಾಗಿ ಖಚಿತವಾಗಿ ಬರುವುದನ್ನು ಆರಿಸಿ ತಿದ್ದಿ ತಿದ್ದಿ ಬರೆಸುತ್ತೇವೆ. ಎರಡು ಸಮೀಕರಣಗಳ ಗ್ರಾಫ್, ಥೇಲ್ಸ್ ಪ್ರಮೇಯ, ಸರಾಸರಿ ಮತ್ತು ಬಹುಲಕ. ಜನವರಿಯಿಂದ ಸಂಜೆ ಐದರ ಮೇಲೂ ಕೂತು ಇದನ್ನೇ ಮಾಡಿಸುತ್ತೇನೆ. ಗಣಿತ ಕಲಿಸಲು ಬಂದವನು ಗಣಿತದ ಐದಾರು ತುಂಡು ಮಾತ್ರ ಕೊಟ್ಟು ಕಳಿಸುತ್ತಿದ್ದೇನಲ್ಲ ಅಂತ ಸಂಕಟ ಆಗುತ್ತದೆ. ಆದರೂ ಮಾಡುತ್ತೇನೆ. ನಮ್ಮ ಊರಿನಲ್ಲಿ ಹತ್ತರಲ್ಲಿ ಫೇಲಾದ ಹುಡುಗಿಗೆ ಮುಂದಿನ ವೈಶಾಖದಲ್ಲಿ ಮದುವೆ. ಪಾಸಾದರೆ ಕಾಲೇಜಿಗೆ ಹೋಗುತ್ತೇನೆ ಅಂತ ಹೇಳಲು ಅವಳ ಕೈಯಲ್ಲಿ ಒಂದು ಕಾಗದ ಇರುತ್ತದೆ.

ನಕಲಿನ ಬಗ್ಗೆ ನೀವು ಕೇಳಲಿಲ್ಲ, ಸಂಕೋಚಕ್ಕೆ ಬಿಟ್ಟಿರಬಹುದು. ನಾನೇ ಹೇಳುತ್ತೇನೆ. ನಮ್ಮ ಕಡೆ ನಕಲು ನಡೆಯುತ್ತಿತ್ತು. ಕಿಟಕಿಯಿಂದ ಚೀಟಿ ಬರುವುದನ್ನು ನಾನು ಕೊಠಡಿ ಮೇಲ್ವಿಚಾರಕನಾಗಿ ಕಣ್ಣಾರೆ ಕಂಡಿದ್ದೇನೆ. ತಡೆಯಲು ಹೋದಾಗ 'ನಿಮ್ಮ ಮಕ್ಕಳೇ ಸರ್, ಬಿಡ್ರಿ' ಅಂದವರೂ ಇದ್ದರು. 2024ರಲ್ಲಿ ಕೊಠಡಿಗಳಿಗೆ ಕ್ಯಾಮೆರಾ ಬಂತು. ಜಿಲ್ಲಾ ಕೇಂದ್ರದಲ್ಲಿ ಕೂತು ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ ಆ ವರ್ಷ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಉಡುಪಿ ಶೇ 94ರೊಂದಿಗೆ ಮೊದಲು, ಯಾದಗಿರಿ ಶೇ 50.59ರೊಂದಿಗೆ ಕೊನೆ. ಮರುವರ್ಷ ಆ ಹೆಚ್ಚುವರಿ ಕೃಪಾಂಕ ಇಲ್ಲ. ಮೊದಲ ಪರೀಕ್ಷೆಯಲ್ಲಿ ರಾಜ್ಯಕ್ಕೆ ಶೇ 62.34, ಕಲಬುರಗಿಗೆ ಶೇ 42.43. ಇದು ನಮ್ಮ ಕಡೆಯ ಕಥೆ ಮಾತ್ರ ಆಗಿದ್ದರೆ ಇಡೀ ರಾಜ್ಯದ ಅಂಕಿ ಅಷ್ಟೊಂದು ಬೀಳುತ್ತಿರಲಿಲ್ಲ. ಕ್ಯಾಮೆರಾ ಬಂದದ್ದು ಒಳ್ಳೆಯದೇ ಆಯಿತು ಅಂತ ನಾನು ನಂಬುತ್ತೇನೆ. ಈಗ ಬರುವ ಅಂಕಿ ನಿಜವಾದದ್ದು. ನಿಜವಾದ ಅಂಕಿ ಕೈಯಲ್ಲಿದ್ದರೆ ಶಿಕ್ಷಕರನ್ನು ಕೊಡಿ ಅಂತ ಗಟ್ಟಿಯಾಗಿ ಕೇಳಬಹುದು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ಹತ್ತು ವರ್ಷದ ಮೇಲಾಯಿತು. 2022ರಲ್ಲಿ 15,000 ಪದವೀಧರ ಶಿಕ್ಷಕರ ನೇಮಕಾತಿ ಕರೆದಾಗ ಅದರಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕದ್ದೇ. ಇಲ್ಲಿ ಎಷ್ಟು ಕುರ್ಚಿ ಖಾಲಿ ಇದ್ದವು ಅಂತ ಅದರಿಂದಲೇ ಲೆಕ್ಕ ಹಾಕಿ.

ಐದು, ಎಂಟರ ಪಬ್ಲಿಕ್ ಪರೀಕ್ಷೆ ಏನಾಯಿತು ಅಂತಲೂ ಕೇಳಿದ್ದೀರಿ. ಚಿಕ್ಕದಾಗಿ ಹೇಳುತ್ತೇನೆ. 2022-23ರಲ್ಲಿ ಸರ್ಕಾರ 5 ಮತ್ತು 8ನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ಮಾಡುತ್ತೇವೆ ಅಂತು. ಹೈಕೋರ್ಟಿನ ಏಕಸದಸ್ಯ ಪೀಠ ಬೇಡ ಅಂತು, ವಿಭಾಗೀಯ ಪೀಠ ನಡೆಸಿ ಅಂತು. ಮಾರ್ಚ್ 27ರಿಂದ ನಡೆಯಿತು. ಮುಂದಿನ ವರ್ಷ 9 ಮತ್ತು 11ನ್ನೂ ಸೇರಿಸಿದರು. 2024ರ ಮಾರ್ಚ್ 11ಕ್ಕೆ ಪರೀಕ್ಷೆ ಶುರುವಾಯಿತು, ಮರುದಿನವೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಮತ್ತೆ ಹೈಕೋರ್ಟ್ ಒಪ್ಪಿದ ಮೇಲೆ 25ರಿಂದ ಉಳಿದ ಪತ್ರಿಕೆಗಳು. ಏಪ್ರಿಲ್ 8ಕ್ಕೆ ಫಲಿತಾಂಶಕ್ಕೇ ತಡೆ. ಶಿಕ್ಷಣ ಹಕ್ಕು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಪ್ರಾಥಮಿಕ ಹಂತ, ಅಂದರೆ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸಾಗಬೇಕಿಲ್ಲ. ವಾದದಲ್ಲಿ ಮುಖ್ಯವಾದದ್ದು ಅದು.

ಕೋರ್ಟಿನ ಮಾತು ಕೋರ್ಟಿಗೆ ಬಿಡೋಣ. ಎಂಟನೇ ತರಗತಿಯ ಮಕ್ಕಳು ನನ್ನ ಶಾಲೆಯಲ್ಲೇ ಇದ್ದರು. ಅರ್ಧ ಬರೆದು ನಿಲ್ಲಿಸಿದಾಗ, ಮತ್ತೆ ಬರೆಯಿರಿ ಅಂದಾಗ, ಅವರು ನನ್ನ ಮುಖ ನೋಡುತ್ತಿದ್ದರು. ಒಬ್ಬ ಹುಡುಗ ಬೇಸಿಗೆ ರಜೆಯಲ್ಲಿ ಸಂತೆಯಲ್ಲಿ ಸಿಕ್ಕಿ 'ನಾನು ಪಾಸ್ ಆದ್ನೇನ್ರಿ?' ಅಂತ ಕೇಳಿದ. ಒಂಬತ್ತಕ್ಕೆ ಬಾ ಅಂದೆ. ನನ್ನ ಅಭಿಪ್ರಾಯ ಕೇಳಿದರೆ, ಚಿಕ್ಕ ತರಗತಿಗಳಲ್ಲಿ ರಾಜ್ಯದ ಪರೀಕ್ಷೆ ಇರಲಿ. ಆದರೆ ಅದು ಜುಲೈನಲ್ಲಿ ಆಗಲಿ, ಮೂರನೇ ತರಗತಿಗೇ ಆಗಲಿ. ಯಾವ ಮಗುವಿಗೆ ಓದಲು ಬರುವುದಿಲ್ಲ ಅಂತ ಆ ಮಗುವಿನ ಗುರುಗಳಿಗೆ ಆಗಸ್ಟಿನಲ್ಲೇ ಗೊತ್ತಾಗಲಿ. ಮಾರ್ಚಿನಲ್ಲಿ ಗೊತ್ತಾದರೆ ಏನು ಮಾಡುವುದು? 2024ರ ಡಿಸೆಂಬರ್ 4ಕ್ಕೆ 3, 6, 9ನೇ ತರಗತಿಗಳಿಗೆ ದೇಶದ ಮಟ್ಟದ ಕಲಿಕೆಯ ಸಮೀಕ್ಷೆ ನಡೆಯಿತಲ್ಲ, ಅದು ಜಿಲ್ಲೆಯ ಚಿತ್ರ ಕೊಡುತ್ತದೆ, ಮಗುವಿನ ಹೆಸರು ಹೇಳುವುದಿಲ್ಲ. ನನಗೆ ಹೆಸರು ಬೇಕು. ಎಂಟಕ್ಕೆ ಬರುವ ಮಕ್ಕಳಲ್ಲಿ ಭಾಗಾಕಾರ ಬರದವರು ಪ್ರತಿ ವರ್ಷ ಇರುತ್ತಾರೆ. ಮೂರೇ ವರ್ಷದಲ್ಲಿ ಅವರನ್ನು ತ್ರಿಕೋನಮಿತಿಗೆ ಮುಟ್ಟಿಸಬೇಕು.

ನಮ್ಮ ಕಡೆಗೆ ನಿಜವಾಗಿ ಉಪಕಾರ ಆದದ್ದು ಒಂದಕ್ಕಿಂತ ಹೆಚ್ಚು ಸಲ ಬರೆಯುವ ಪದ್ಧತಿ. 2024ರಲ್ಲಿ ಪೂರಕ ಪರೀಕ್ಷೆ ಅನ್ನುವ ಹೆಸರು ಹೋಗಿ ಪರೀಕ್ಷೆ-1, 2, 3 ಅಂತ ಬಂತು. ಯಾವುದರಲ್ಲಿ ಅಂಕ ಜಾಸ್ತಿಯೋ ಅದೇ ಉಳಿಯುತ್ತದೆ. ತೊಡಕು ಇಷ್ಟೇ: ಯುಗಾದಿ ಮುಗಿಯುತ್ತಿದ್ದ ಹಾಗೆ ನಮ್ಮ ಊರು ಗುಳೆ ಹೋಗುತ್ತದೆ. ಪರೀಕ್ಷೆ-2 ಬರುವ ಹೊತ್ತಿಗೆ ಬರೆಯಬೇಕಾದ ಮಕ್ಕಳು ಬೆಂಗಳೂರಿನಲ್ಲಿ ಇಟ್ಟಿಗೆ ಹೊರುತ್ತಿರುತ್ತಾರೆ. ಮೇ ತಿಂಗಳು ನನಗೆ ಫೋನಿನ ತಿಂಗಳು.

ಕಳೆದ ಸಲ ಗಣಿತ ಒಂದರಲ್ಲೇ ಉಳಿದಿದ್ದ ಒಬ್ಬ ಹುಡುಗನ ಅಪ್ಪನಿಗೆ ನಾಲ್ಕು ಸಲ ಫೋನ್ ಮಾಡಿದೆ. 'ಮೇಸ್ತ್ರಿ ಬಿಡಂಗಿಲ್ರಿ ಸರ್' ಅಂದ. ಮೇಸ್ತ್ರಿಯ ಹತ್ತಿರವೇ ಮಾತಾಡಿದೆ. ಆತನೂ ನಮ್ಮ ಕಡೆಯವನೇ, ಲಿಂಗಸುಗೂರಿನವನು. ತಾನು ಹತ್ತರಲ್ಲಿ ಬಿಟ್ಟವನು ಅಂತ ಹೇಳಿಕೊಂಡ. ಎರಡು ದಿನ ರಜೆ ಕೊಟ್ಟ, ಬಸ್ ಚಾರ್ಜನ್ನೂ ಕೊಟ್ಟ. ರಾತ್ರಿ ಬಸ್ಸಿಗೆ ಹತ್ತಿದ ಹುಡುಗ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಶಾಲೆಯ ಕಟ್ಟೆ ಮೇಲೆ ಕೂತಿದ್ದ. ಉಗುರಿನ ಸಂದಿಯಲ್ಲಿ ಇನ್ನೂ ಸಿಮೆಂಟು. ಹಾಲ್ ಟಿಕೆಟ್ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಿಯ ಒಳಗೆ ಇಟ್ಟುಕೊಂಡಿದ್ದ. ಕೇಂದ್ರಕ್ಕೆ ಹೋಗುವ ದಾರಿಯಲ್ಲಿ ಎರಡು ಸಮೀಕರಣ ಕೊಟ್ಟೆ, ಬೈಕಿನ ಹಿಂದೆ ಕೂತೇ ಬಿಂದುಗಳನ್ನು ಬಾಯಲ್ಲಿ ಹೇಳಿದ. ಗೇಟಿನ ಹತ್ತಿರ ಇಳಿದು ಒಂದೇ ಮಾತು ಕೇಳಿದ:

'ಸರ್, ಗ್ರಾಫ್ ಹಾಳಿ ಅವರೇ ಕೊಡ್ತಾರಲ್ರಿ?'

ಕೊಡುತ್ತಾರೆ, ಒಳಗೆ ಹೋಗು ಅಂದೆ.