ಶುಗರ್‌ಗೆ ಕಾಶಿ ಕಣಗಿಲೆ ಎಲೆ ತಿನ್ನಬಹುದಾ?

ನಿಮ್ಮ ತಂದೆಯವರು ಶುಗರ್ ಮಾತ್ರೆಯ ಜೊತೆಗೆ ದಿನಾ ಬೆಳಿಗ್ಗೆ ಕಾಶಿ ಕಣಗಿಲೆ ಎಲೆ ಅಗಿಯುತ್ತಿದ್ದಾರೆ, ಮುಂದುವರಿಸಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಇವತ್ತೇ ನಿಲ್ಲಿಸಿ.

ನಮ್ಮ ಮಂಡ್ಯದಲ್ಲಿ ಎಷ್ಟೋ ಮನೆಗಳ ಮುಂದೆ ಈ ಗಿಡ ಇದೆ. ಪೂಜೆಗೆ ಹೂವು ಕಿತ್ತುಕೊಳ್ಳಿ, ತೊಂದರೆ ಇಲ್ಲ. ಎಲೆಯ ವಿಷಯ ಬೇರೆ. ಜಮೈಕಾದಲ್ಲೂ ಜನ ಇದರ ಕಷಾಯವನ್ನು ಶುಗರ್‌ಗೆ ಅಂತ ಕುಡಿಯುತ್ತಿದ್ದರು. ಅದನ್ನು ಕೇಳಿ ಕೆನಡಾದಲ್ಲಿ ವಿಜ್ಞಾನಿಗಳಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ 1950ರ ದಶಕದಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಬಾಯಿಂದ ಕೊಟ್ಟಾಗ ಸಕ್ಕರೆ ಇಳಿಯಲಿಲ್ಲ. ಸೂಜಿಯಲ್ಲಿ ಕೊಟ್ಟಾಗ ಬಿಳಿ ರಕ್ತಕಣ ಕುಸಿದು, ಸೋಂಕು ತಗುಲಿ ಇಲಿಗಳು ಸತ್ತವು. ಆ ಹುಡುಕಾಟದಲ್ಲೇ ವಿನ್‌ಬ್ಲಾಸ್ಟಿನ್ ಎಂಬ ಆಲ್ಕಲಾಯ್ಡ್ (ಗಿಡದಲ್ಲಿರುವ ಒಂದು ಬಗೆಯ ಪ್ರಬಲ ರಾಸಾಯನಿಕ) ಸಿಕ್ಕಿತು. ಇದೇ ಗಿಡದಿಂದ ಆಮೇಲೆ ವಿನ್‌ಕ್ರಿಸ್ಟಿನ್ ಕೂಡ ಬಂತು. ಜೀವಕೋಶ ಒಂದು ಎರಡಾಗುವುದನ್ನು ಇವು ತಡೆಯುತ್ತವೆ. ಅದಕ್ಕೇ ಮಕ್ಕಳ ರಕ್ತ ಕ್ಯಾನ್ಸರ್‌ಗೆ ವಿನ್‌ಕ್ರಿಸ್ಟಿನ್ ಇಂದಿಗೂ ಮುಖ್ಯ ಔಷಧಿ. ಎಷ್ಟು ಮಕ್ಕಳನ್ನು ಉಳಿಸಿದೆ ಈ ಗಿಡ! ಆದರೆ ವಿನ್‌ಕ್ರಿಸ್ಟಿನ್ ಕೊಡುವುದು ರಕ್ತನಾಳಕ್ಕೆ ಮಾತ್ರ, ಅದೂ ಮಿಲಿಗ್ರಾಂ ಲೆಕ್ಕದಲ್ಲಿ. ಜಾಸ್ತಿಯಾದರೆ ನರಗಳಿಗೆ ಪೆಟ್ಟು.

ಎಲೆಯ ಸಾರ ಸಕ್ಕರೆ ಇಳಿಸಿದ್ದನ್ನು ಪ್ರಾಣಿಗಳ ಮೇಲಿನ ಬೇರೆ ಕೆಲವು ಪ್ರಯೋಗಗಳು ತೋರಿಸಿವೆ ನಿಜ. ಆದರೆ ಯಾವ ಎಲೆಯಲ್ಲಿ ಏನು ಎಷ್ಟಿದೆ ಎಂದು ಮನೆಯಲ್ಲಿ ಅಳೆಯಲು ಆಗುವುದಿಲ್ಲ ಅಲ್ವಾ? ಮಾತ್ರೆಯ ಜೊತೆ ಸೇರಿ ಸಕ್ಕರೆ ತೀರಾ ಇಳಿದರೂ ಕಷ್ಟ.

ಮಾತ್ರೆ ಮಾತ್ರ ನಿಲ್ಲಿಸಬೇಡಿ. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೆ ಕರೆದುಕೊಂಡು ಹೋಗಿ. ಎಲೆ ತಿಂದದ್ದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಸಕ್ಕರೆ ಜೊತೆಗೆ ರಕ್ತಕಣಗಳ ಪರೀಕ್ಷೆಯೂ ಬೇಕಾ ಎಂದು ಕೇಳಿ.